ಸಹಮ್‌ನ ಹೊಲಿಗೆ ಅಂಗಡಿಯಲ್ಲಿ ನನ್ನ ಏಳಿಂಚಿನ ಲ್ಯಾಪ್‌ಟಾಪ್

ಸ್ವಲ್ಪ ತಡೆಯಿರಿ. ಅಂಗೈಯಗಲದ ಆ ಲ್ಯಾಪ್‌ಟಾಪಿನ ಚಿತ್ರಕ್ಕೆ ಮರುಳಾಗಿ ‘ಕೊಳ್ಳಿ’ ಎಂಬ ಗುಂಡಿಯ ಮೇಲೆ ಬೆರಳಿಟ್ಟಿದ್ದರೆ ಬೆರಳನ್ನು ಅಲ್ಲೇ ನಿಲ್ಲಿಸಿ. ನಾನು ಒಮಾನಿಗೆ ಹೋಗಿ ಬಂದದ್ದನ್ನು ಕೇಳಿದ ಮೇಲೆ ಒತ್ತಿ. ಆಗಲೂ ಒತ್ತುವ ಮನಸ್ಸು ಉಳಿದಿದ್ದರೆ ನಿಮಗೆ ನನ್ನ ದೊಡ್ಡ ನಮಸ್ಕಾರ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಟ್ಟೆಯ ಮೇಲೆ ಕಂಪ್ಯೂಟರ್ ಮಿಷಿನ್ ಹಾಕುವ ಕಸೂತಿ ಇದೆಯಲ್ಲ, ಆ ಮಿಷಿನ್ನಿಗೆ ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು, ಯಾವಾಗ ನೂಲಿನ ಬಣ್ಣ ಬದಲಾಗಬೇಕು ಎಂದು ಹೇಳಿಕೊಡುವ ಫೈಲುಗಳನ್ನು ಮಾಡುವವನು ನಾನು. ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ. ಪುತ್ತೂರಿನ ನಮ್ಮ ಮನೆಯ ಮಾಳಿಗೆಯಲ್ಲಿ ಕುಳಿತು, ವಿಡಿಯೋ ನೋಡಿ, ಅಮ್ಮನ ರವಿಕೆ ತುಂಡುಗಳನ್ನೆಲ್ಲ ಹಾಳುಮಾಡಿ ಕಲಿತದ್ದು. ಈಗ ಆರೇಳು ಊರಿನ ಟೈಲರ್‌ಗಳು ವಾಟ್ಸಾಪಿನಲ್ಲಿ ಚಿತ್ರ ಕಳಿಸುತ್ತಾರೆ, ನಾನು ಫೈಲು ಕಳಿಸುತ್ತೇನೆ.

ಅವರಲ್ಲಿ ಒಬ್ಬರು ಹಮೀದಾಕ. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದವರು, ಈಗ ಒಮಾನಿನ ಸಹಮ್ ಎಂಬ ಕಡಲ ಬದಿಯ ಪೇಟೆಯಲ್ಲಿ ಹೆಂಗಸರ ಉಡುಪು ಹೊಲಿಯುವ ಅಂಗಡಿ ಇಟ್ಟಿದ್ದಾರೆ. ಅವರ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದವನು ಮದುವೆಯ ಸೀಸನ್ನಿನಲ್ಲೇ ದುಬೈಗೆ ಹಾರಿದ. ಹಮೀದಾಕನಿಂದ ನನಗೊಂದು ವಾಯ್ಸ್ ಮೆಸೇಜ್ ಬಂತು. “ಕಿರಣಾ, ಸ್ವಲ್ಪ ದಿನ ಬಂದು ಹೋಗು ಮಾರಾಯ. ನಿನಗೆ ಊರು ನೋಡಿದ ಹಾಗೂ ಆಗ್ತದೆ, ನನ್ನ ಡಿಸೈನ್ ಸರಿ ಮಾಡಿದ ಹಾಗೂ ಆಗ್ತದೆ.”

ಆ ಹೊತ್ತಿಗೆ ಸರಿಯಾಗಿ ನಾನು ಏಳಿಂಚಿನ ಲ್ಯಾಪ್‌ಟಾಪ್ ಕೊಂಡಿದ್ದೆ. ಅಂಗಿಯ ಮೇಲೆ ಜಾಕೆಟ್ ಹಾಕಿದರೆ ಅದರ ಕಿಸೆಗೆ ಹೋಗುತ್ತದೆ. ಒಳಗಿನ ಪ್ರೊಸೆಸರ್ ಒಳ್ಳೆಯದೇ, ಮೆಮೊರಿಯೂ ಬೇಕಾದಷ್ಟು. ಜಾಹೀರಾತಿನಲ್ಲಿ ಬೆಟ್ಟದ ತುದಿಯಲ್ಲಿ ಕುಳಿತ ಒಬ್ಬ ಅದರಲ್ಲಿ ಏನೋ ಮಹಾ ಕೆಲಸ ಮಾಡುತ್ತಿದ್ದ. ಏನು ಕೆಲಸ ಎಂದು ಮಾತ್ರ ಯಾರೂ ತೋರಿಸಿರಲಿಲ್ಲ. ನನ್ನ ಹಳೆಯ ಹದಿನೈದು ಇಂಚಿನದಕ್ಕೆ ಕೀಲು ಸಡಿಲ, ತೂಕ ಒಂದು ಕುಂಬಳಕಾಯಿಯಷ್ಟು. ಅದನ್ನು ಮಾಳಿಗೆಯಲ್ಲೇ ಬಿಟ್ಟೆ. ಹೊರಡುವ ಮೊದಲು ನನ್ನಂಥ ಗ್ಯಾಜೆಟ್ ಹುಚ್ಚರ ಗುಂಪಿನಲ್ಲಿ ‘ಇನ್ನು ದೊಡ್ಡ ಲ್ಯಾಪ್‌ಟಾಪಿನ ಕಾಲ ಮುಗಿಯಿತು’ ಎಂದು ಬರೆದೂ ಬಿಟ್ಟೆ.

ಬಜಪೆಯ ಟ್ರೇ

ಮೊದಲ ಅವಮಾನ ಸ್ವದೇಶದಲ್ಲೇ ಆಯಿತು. ಮಂಗಳೂರಿನ ಬಜಪೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಲ್ಯಾಪ್‌ಟಾಪನ್ನು ಬೇರೆ ಟ್ರೇಯಲ್ಲಿ ಇಡಬೇಕಲ್ಲ, ನಾನು ಹೆಮ್ಮೆಯಿಂದ ಇಟ್ಟೆ. ಅಲ್ಲಿದ್ದ ಸಿಬ್ಬಂದಿ ಅದನ್ನೆತ್ತಿ ನನ್ನ ಬೆಲ್ಟು, ಪರ್ಸು ಇದ್ದ ಟ್ರೇಗೆ ಹಾಕಿದರು.

“ಸರ್, ಅದು ಲ್ಯಾಪ್‌ಟಾಪ್.”

“ಇದಾ?” ಅವರು ತೆರೆದು ನೋಡಿದರು. ಮುಚ್ಚಿದರು. ಪಕ್ಕದವರಿಗೆ ತೋರಿಸಿದರು. “ಇದು ಮರಿಯಲ್ವಾ? ಇದರ ತಾಯಿ ಎಲ್ಲಿ, ಮನೆಯಲ್ಲಿ ಉಂಟಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ತಾಯಿ ನಿಜಕ್ಕೂ ಮನೆಯಲ್ಲಿತ್ತು.

ಆಕಾಶದಲ್ಲಿ

ನ್ಯಾಯವಾಗಿ ಹೇಳಬೇಕೆಂದರೆ, ವಿಮಾನದಲ್ಲಿ ಅದು ಚೆನ್ನಾಗಿತ್ತು. ಮುಂದಿನ ಸೀಟಿನವರು ಬೆನ್ನು ಹಿಂದಕ್ಕೆ ವಾಲಿಸಿ ನನ್ನ ಮೊಣಕಾಲಿಗೆ ತಾಗುವಷ್ಟು ಬಂದರೂ ಪರದೆ ಪೂರ್ತಿ ತೆರೆಯಿತು. ಚಾಲೂ ಮಾಡಿದ ಕೂಡಲೇ ಕಂಪನಿಯ ಲಾಂಛನ ಅಡ್ಡ ಮಲಗಿ ಕಾಣಿಸಿಕೊಂಡಿತು. ಅದು ಹಾಗೆಯೇ. ಇಂಥವುಗಳಲ್ಲಿ ಬಹಳಷ್ಟಕ್ಕೆ ನೆಟ್ಟಗೆ ನಿಲ್ಲುವ ಸಣ್ಣ ಪರದೆಯನ್ನೇ ತಂದು ಅಡ್ಡ ಕೂರಿಸುತ್ತಾರೆ, ಆದ್ದರಿಂದ ವಿಂಡೋಸ್ ಬರುವವರೆಗೆ ಅದಕ್ಕೆ ತಾನು ಮಲಗಿದ್ದೇನೋ ಎದ್ದಿದ್ದೇನೋ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಕುಳಿತಿದ್ದ ಉಡುಪಿ ಕಡೆಯ ಹಿರಿಯರೊಬ್ಬರು ಕುತ್ತಿಗೆ ವಾಲಿಸಿ ಅದನ್ನು ಓದಲು ನೋಡಿದರು. ಮಸ್ಕತ್ತಿನ ಯಾವುದೋ ಆಫೀಸಿನಲ್ಲಿ ಮ್ಯಾನೇಜರ್ ಅಂತೆ.

ನಾನು ಉತ್ಸಾಹದಿಂದ ಎಲ್ಲ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿ ಹೇಳಿದರು. “ನನ್ನ ಕೆಲಸ ಎಂತ ಗೊತ್ತುಂಟಾ? ಬೇರೆಯವರು ಮಾಡಿದ್ದಕ್ಕೆ ಅಪ್ರೂವ್ಡ್ ಅಂತ ಬರೆಯುದು. ಅದಕ್ಕೆ ಫೋನು ಸಾಕು. ಮಾಡುವವರಿಗೆ ದೊಡ್ಡದು ಬೇಕು. ಇದು ಯಾರಿಗೆ ಅಂತ ನನಗೆ ತಿಳಿಯುದಿಲ್ಲ.”

ಹಿರಿಯರಿಗೆ ಹೊಸತು ಹಿಡಿಸುವುದಿಲ್ಲ ಎಂದುಕೊಂಡು ಟೈಪ್ ಮಾಡತೊಡಗಿದೆ. ಎರಡು ಮೊಣಕೈಯನ್ನೂ ಪಕ್ಕೆಲುಬಿಗೆ ಒತ್ತಿಕೊಂಡು, ಅಳಿಲು ಕಡಲೆಬೀಜ ಹಿಡಿದ ಹಾಗೆ. ಅಲ್ಪವಿರಾಮ ಹಾಕಬೇಕಾದರೆ ಇನ್ನೊಂದು ಗುಂಡಿಯನ್ನು ಜೊತೆಗೆ ಒತ್ತಬೇಕು. ಅಳಿಸುವ ಗುಂಡಿಯ ಮಗ್ಗುಲಲ್ಲೇ ಯಂತ್ರವನ್ನು ಆರಿಸುವ ಗುಂಡಿ. ಮಸ್ಕತ್ ತಲುಪುವುದರೊಳಗೆ ಮೂರು ಸಲ ಆರಿಸಿದ್ದೆ.

ಹಾರ್ನ್ ಹಾಕಿದರೆ ಚಹಾ

ಹಮೀದಾಕ ಕಾರು ತಂದಿದ್ದರು. ಮಸ್ಕತ್ತಿನಿಂದ ಸಹಮ್‌ಗೆ ಕಡಲಿಗೆ ಸಮಾನಾಂತರವಾಗಿ ನೇರ ರಸ್ತೆ. ನಮ್ಮ ಶಿರಾಡಿ ಘಾಟಿಯಲ್ಲಿ ಹೋಗಿ ಅಭ್ಯಾಸವಾದವನಿಗೆ ತಿರುವೇ ಇಲ್ಲದ ರಸ್ತೆ ನೋಡಿದರೆ ಏನೋ ಮೋಸ ಇದೆ ಎನಿಸುತ್ತದೆ.

ದಾರಿಯಲ್ಲಿ ಒಂದು ಸಣ್ಣ ಹೋಟೆಲಿನ ಮುಂದೆ ನಿಲ್ಲಿಸಿದರು. ನಾನು ಬಾಗಿಲು ತೆರೆಯಲು ಹೋದೆ.

“ಎಲ್ಲಿಗೆ?”

“ಚಹಾ ಕುಡಿಯಲಿಕ್ಕೆ.”

“ಕೂತ್ಕೋ.” ಅವರು ಹಾರ್ನ್ ಒತ್ತಿದರು. ಒಳಗಿಂದ ಒಬ್ಬ ಮಲಯಾಳಿ ಓಡಿ ಬಂದು, ಕಿಟಕಿಯಲ್ಲಿ ಬಗ್ಗಿ ಕೇಳಿಕೊಂಡು ಹೋಗಿ, ಎರಡು ಕರಕ್ ಚಾ ತಂದುಕೊಟ್ಟ. ಕುದಿಸಿ ಕುದಿಸಿ ಇಟ್ಟಿಗೆ ಬಣ್ಣಕ್ಕೆ ಬಂದ ಏಲಕ್ಕಿ ಚಹಾ. ನಮ್ಮ ಪುತ್ತೂರಿನಲ್ಲಿ ಅಂಗಡಿಯ ಎದುರು ಹೀಗೆ ಹಾರ್ನ್ ಹಾಕಿ ನೋಡಿ, ಯಜಮಾನ ಬರುತ್ತಾನೆ, ಚಹಾ ಬರುವುದಿಲ್ಲ.

“ಇಲ್ಲಿ ಹಾಗೆಯೇ. ಚಹಾ, ಬಟ್ಟೆ, ಔಷಧಿ ಎಲ್ಲ ಕಾರಿಗೆ ಬರಬೇಕು. ಈ ಬಿಸಿಲಿಗೆ ಯಾರು ಇಳಿಯುದು?” ಎಂದರು ಹಮೀದಾಕ. “ನನ್ನ ದೊಡ್ಡ ಗಿರಾಕಿ ಒಬ್ರು ಇದ್ದಾರೆ, ಉಮ್ಮ್ ಸೈಫ್ ಅಂತ. ಅಂಗಡಿ ಶುರು ಮಾಡಿದ ಲಾಗಾಯ್ತು ಬರ್ತಾರೆ. ಇಷ್ಟರವರೆಗೆ ಒಳಗೆ ಕಾಲಿಡ್ಲಿಲ್ಲ.”

ಇಲ್ಲಿ ಹೆಂಗಸರನ್ನು ಹಿರಿಯ ಮಗನ ಹೆಸರು ಸೇರಿಸಿ ಕರೆಯುವುದು ಗೌರವ. ಸೈಫ್‌ನ ತಾಯಿ, ಉಮ್ಮ್ ಸೈಫ್.

ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು. ಲೋಟ ವಾಪಸ್ ತೆಗೆದುಕೊಳ್ಳಲು ಬಂದ ಮಲಯಾಳಿ ಅದನ್ನು ನೋಡಿ ಹಿಂದಿಯಲ್ಲಿ ಕೇಳಿದ, “ಕಾರ್ಡ್ ಮಿಷಿನ್ ನಿಮ್ಮ ಹತ್ತಿರವೇ ಉಂಟಾ?”

ಹಮೀದಾಕ ಸಹಮ್ ಬರುವವರೆಗೆ ನಕ್ಕರು.

ಅಂಗಡಿ

ಮುಂದೆ ಕೌಂಟರ್, ಗೋಡೆ ತುಂಬ ಬಟ್ಟೆಯ ಸುರುಳಿ, ಹಿಂದೆ ಹಲವು ಸೂಜಿಗಳ ದೊಡ್ಡ ಕಸೂತಿ ಮಿಷಿನ್. ಮಿಷಿನ್ ನಡೆಸುವುದು ಪಾಕಿಸ್ತಾನದ ಅಸ್ಲಂ, ಬಟ್ಟೆ ಕತ್ತರಿಸುವುದು ಹಮೀದಾಕನ ಹೆಂಡತಿ ಝೊಹರಕ್ಕ. ಗೋಡೆಯ ಮೇಲೊಂದು ದೊಡ್ಡ ಟಿವಿ. ಅದರಲ್ಲಿ ಸಿನಿಮಾ ಅಲ್ಲ, ಅಂಗಡಿಯ ಸಿಸಿಟಿವಿ ನಾಲ್ಕು ಚೌಕದಲ್ಲಿ ಓಡುತ್ತಿರುತ್ತದೆ. ಅಂಗಡಿಯೊಳಗೆ ಕುಳಿತು ಅಂಗಡಿಯನ್ನೇ ಟಿವಿಯಲ್ಲಿ ನೋಡುವ ಸುಖ ಹಮೀದಾಕನದು.

ನಾನು ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಅಸ್ಲಂ ಬಂದು ನಿಂತ. “ಭಾಯ್, ಯೇ ಬಚ್ಚೋಂ ವಾಲಾ ಹೈ ಕ್ಯಾ?” ಮಕ್ಕಳ ಆಟದ್ದಾ ಎಂದು.

ಶಾಲೆಯಿಂದ ಬಂದ ಹಮೀದಾಕನ ಮಗಳು ಶಿಫಾಳನ್ನು ನಾನು ಕನ್ನಡದಲ್ಲೇ ಕೇಳಿದೆ, “ಹೇಗುಂಟು ನನ್ನ ಲ್ಯಾಪ್‌ಟಾಪ್?”

“ಸೋ ಕ್ಯೂಟ್ ಅಂಕಲ್. ವಿಲ್ ಇಟ್ ಗ್ರೋ?”

ಬೆಳೆಯುವುದಿಲ್ಲ. ಅದೇ ತೊಂದರೆ. ಕಸೂತಿಯ ಸಾಫ್ಟ್‌ವೇರ್ ತೆರೆದೆ. ಮೇಲೆ ಎರಡು ಸಾಲು ಚಿತ್ರಗಳು, ಎಡಕ್ಕೊಂದು ಸಾಲು, ಬಲಕ್ಕೆ ಬಣ್ಣಗಳ ಪಟ್ಟಿ, ಕೆಳಗೆ ನೂಲಿನ ಲೆಕ್ಕ. ಇವೆಲ್ಲ ಕುಳಿತ ಮೇಲೆ ನನಗೆ ಕೆಲಸಕ್ಕೆಂದು ಉಳಿದ ಜಾಗ ಒಂದು ಬೆಂಕಿಪೊಟ್ಟಣದಷ್ಟು. ಅಕ್ಷರ ದೊಡ್ಡದು ಮಾಡಿದರೆ ಆ ಬೆಂಕಿಪೊಟ್ಟಣವೂ ಹೋಗುತ್ತದೆ. ಸಣ್ಣದು ಮಾಡಿದರೆ ಮೇಲಿನ ಚಿತ್ರಗಳು ಸಕ್ಕರೆಗೆ ಮುತ್ತಿದ ಇರುವೆಗಳಂತೆ ಕಾಣುತ್ತವೆ, ಯಾವ ಇರುವೆ ಯಾವ ಕೆಲಸದ್ದು ಎಂದು ತಿಳಿಯುವುದಿಲ್ಲ.

ಇನ್ನೊಂದು ಕೇಳಿ. ಹೊಲಿಗೆ ಎಷ್ಟು ದಟ್ಟ ಇರಬೇಕೆಂದು ಕೇಳುವ ಪೆಟ್ಟಿಗೆ ತೆರೆದರೆ ಅದರ ಕೆಳಗಿನ ‘ಓಕೆ’ ಗುಂಡಿ ಪರದೆಯ ಹೊರಗೆ ಹೋಗಿ ಕುಳಿತಿರುತ್ತದೆ. ಅದನ್ನು ಮೇಲಕ್ಕೆ ಎಳೆಯಲೂ ಬರುವುದಿಲ್ಲ. ಟ್ಯಾಬ್ ಒತ್ತುತ್ತಾ, ಈಗ ಅಲ್ಲಿಗೆ ತಲುಪಿರಬಹುದು ಎಂದು ಊಹಿಸಿ ಎಂಟರ್ ಒತ್ತಬೇಕು. ಕರೆಂಟ್ ಹೋದಾಗ ಪರರ ಮನೆಯಲ್ಲಿ ಬಾಗಿಲು ತಡಕಿದ ಹಾಗೆ. ಮೂರನೆಯ ಸಲ ‘ಓಕೆ’ಯ ಬದಲು ‘ಕ್ಯಾನ್ಸಲ್’ ಸಿಕ್ಕಿತು. ಇದಕ್ಕೆ ಜಾಹೀರಾತಿನವರು ಇಟ್ಟ ಹೆಸರು ವೃತ್ತಿಪರರ ಸಂಗಾತಿ.

ಆದರೂ ನನ್ನ ಜಂಬ ಇಳಿದಿರಲಿಲ್ಲ. ಅಭ್ಯಾಸವಾಗಬೇಕು ಅಷ್ಟೇ, ಎಂದು ಝೊಹರಕ್ಕನಿಗೆ ಹೇಳಿದೆ.

“ಅಭ್ಯಾಸ ಆಗ್ತದೆ,” ಎಂದರು ಅವರು ಕತ್ತರಿ ನಿಲ್ಲಿಸದೆ. “ಸಣ್ಣ ಚಪ್ಪಲಿ ಹಾಕಿದ್ರೂ ಅಭ್ಯಾಸ ಆಗ್ತದೆ. ಕಾಲು ಹೋಗ್ತದೆ ಅಷ್ಟೇ.”

ಕಾರಿನ ಕಿಟಕಿ

ಮಾರನೆಯ ದಿನ ಹೊರಗೆ ಹಾರ್ನ್ ಆಯಿತು. ಹಮೀದಾಕ ಟಿವಿಯ ಚೌಕದಲ್ಲಿ ಬಿಳಿ ಕಾರು ನೋಡಿ ಎದ್ದರು. “ಉಮ್ಮ್ ಸೈಫ್. ಕಿರಣಾ, ನೀನೂ ಬಾ.”

ಸ್ಟಿಯರಿಂಗ್ ಹಿಂದೆ ಕುಳಿತಿದ್ದ ಉಮ್ಮ್ ಸೈಫ್‌ಗೆ ಐವತ್ತು ದಾಟಿರಬಹುದು. ಈ ಕರಾವಳಿಯ ಒಮಾನಿಗಳಲ್ಲಿ ಅನೇಕರ ಹಾಗೆ ಅವರಿಗೂ ಹಿಂದಿ ಚೆನ್ನಾಗಿ ಬರುತ್ತದೆ. ಅವರ ಮಡಿಲಲ್ಲಿ ಬಿಳಿ ಬಟ್ಟೆಯ ಗಂಟಿತ್ತು. ಬಿಚ್ಚಿದರು. ಒಳಗೆ ಹಳೆಯ ಕಸೂತಿಯ ಎರಡು ಪಟ್ಟಿಗಳು. ಇಲ್ಲಿನ ಹೆಂಗಸರು ಉಡುಪಿನ ಒಳಗೆ ಹಾಕುವ ಶರಾಯಿಗೆ ಪಾದದ ಗಂಟಿನ ಹತ್ತಿರ ಬಿಗಿಯಾಗಿ ಬರುವ ಪಟ್ಟಿ ಅದು. ಎಲ್ಲ ಕೆಲಸ ಕೆಳಗೆ, ಕಂಡವರಿಗೆ ಕಂಡಿತು ಎಂಬಷ್ಟು ಜಾಗದಲ್ಲಿ.

ಅದನ್ನು ಹೊಲಿದದ್ದು ಅವರ ತಾಯಿ, ಕೈಯಲ್ಲಿ. ತಾಯಿ ಈಗಿಲ್ಲ. ಶರಾಯಿಯ ಬಟ್ಟೆ ಹರಿದು ಹೋಗಿ ಪಟ್ಟಿಗಳು ಮಾತ್ರ ಉಳಿದಿವೆ. ಗುರುವಾರ ಉಮ್ಮ್ ಸೈಫ್ ಅವರ ಮಗಳ ಮದುವೆಯ ಮದರಂಗಿ ಶಾಸ್ತ್ರ. ಅಂದು ಮಗಳು ತೊಡುವ ಹಸಿರು ಉಡುಪಿನ ಶರಾಯಿಗೆ ಇಂಥದೇ ಪಟ್ಟಿ ಬೇಕು. ಹಳೆಯದನ್ನೇ ಹೊಸ ಬಟ್ಟೆಗೆ ಹೊಲಿದರೆ ನೂಲು ತಡೆಯುವುದಿಲ್ಲ.

“ಇಂಥದ್ದು ಅಲ್ಲ,” ಎಂದು ಅವರು ತಾವೇ ತಿದ್ದಿಕೊಂಡರು. “ಇದೇ.”

ಅಂಗಡಿಯಲ್ಲಿ ಬಿಟ್ಟು ಹೋಗಿ ಎಂದು ಹಮೀದಾಕ ಹೇಳಿದರೆ ಒಪ್ಪಲಿಲ್ಲ. ಆ ಗಂಟು ಅವರ ಕೈಬಿಟ್ಟು ಹೋಗುವುದಿಲ್ಲವಂತೆ. ಕೊನೆಗೆ ಅವರ ಮಡಿಲಿನಲ್ಲೇ ಇಟ್ಟು, ಕಿಟಕಿಯೊಳಗೆ ಕೈ ತೂರಿಸಿ ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

ಇಡೀ ದಿನ ಆ ಫೋಟೋದ ಮೇಲೆ ಕೆಲಸ ಮಾಡಿದೆ. ಎರಡು ಜರಿಯ ಗೆರೆ, ನಡುವೆ ಕೆಂಪು ಗೆರೆ, ಆಚೆ ಈಚೆ ಕಪ್ಪು ತ್ರಿಕೋನಗಳ ಸಾಲು. ಮೂಗು ಪರದೆಗೆ ತಾಗುವಷ್ಟು ಬಗ್ಗಿ ಮಾಡಿದೆ. ಮರುದಿನ ಬೆಳಿಗ್ಗೆ ಹಾರ್ನ್ ಆದ ಕೂಡಲೇ ಲ್ಯಾಪ್‌ಟಾಪನ್ನು ಒಂದು ಕೈಯಲ್ಲಿ ಹಿಡಿದು ಓಡಿ, ಕಿಟಕಿಯಲ್ಲಿ ತೋರಿಸಿದೆ. ಉಮ್ಮ್ ಸೈಫ್ ತಮ್ಮ ಕಪ್ಪು ನಿಲುವಂಗಿ ಅಬಾಯಾದ ತೋಳನ್ನು ಪರದೆಗೆ ನೆರಳು ಹಿಡಿದು ನೋಡಿದರು.

“ಝೇನ್,” ಎಂದರು. ಚೆನ್ನಾಗಿದೆ.

ಹಮೀದಾಕ ನನ್ನ ಬೆನ್ನು ತಟ್ಟಿದರು. “ಇದೊಂದಕ್ಕಾದ್ರೂ ಆಯ್ತು ನಿನ್ನ ಡಬ್ಬಿ.”

ಕಡಲ ಬದಿ

ಅಂದು ಸಂಜೆ ಡಬ್ಬಿಯೊಂದಿಗೆ ಕಡಲಿಗೆ ಹೋದೆ. ಎಲ್ಲಿ ಬೇಕಾದರೂ ಕುಳಿತು ಕೆಲಸ ಮಾಡಬಹುದು ಎನ್ನುತ್ತಾರಲ್ಲ, ನೋಡೋಣ ಎಂದು. ನಮ್ಮ ಪಣಂಬೂರಿನಂತೆಯೇ ಉದ್ದದ ಮರಳು, ದಡಕ್ಕೆ ಎಳೆದಿಟ್ಟ ದೋಣಿಗಳು, ಮೀನಿನ ವಾಸನೆ. ಕಡಲಿಗೆ ಮುಖಮಾಡಿ ಕುಳಿತು ಸೂರ್ಯಾಸ್ತಕ್ಕೆ ಕಾದೆ. ಬೆನ್ನು ಬಿಸಿಯಾಗತೊಡಗಿದಾಗ ತಿರುಗಿ ನೋಡಿದರೆ ಸೂರ್ಯ ಹಿಂದೆ ಖರ್ಜೂರದ ತೋಟದಲ್ಲಿ ಇಳಿಯುತ್ತಿದ್ದ. ಇಲ್ಲಿ ಅವನು ಕಡಲಿನಿಂದ ಹುಟ್ಟುವುದು, ಮುಳುಗುವುದು ನೆಲದಲ್ಲಿ. ಕರಾವಳಿಯವನಾಗಿ ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಪರದೆಯ ಮೇಲೆ ನನ್ನ ಮುಖ, ಆಕಾಶ, ಒಂದು ದೋಣಿ ಎಲ್ಲ ಕಾಣುತ್ತಿದ್ದವು, ಪರದೆಯಲ್ಲಿ ಇದ್ದದ್ದು ಮಾತ್ರ ಕಾಣುತ್ತಿರಲಿಲ್ಲ. ಗುಂಡಿಗಳ ಸಂದಿಗೆ ಮರಳು ಹೋಯಿತು. ಆದರೂ ಗುಂಪಿಗೆ ಬರೆದೆ. ‘ಗಿರಾಕಿಗೆ ಕಾರಿನ ಕಿಟಕಿಯಲ್ಲೇ ತೋರಿಸಿ ಒಪ್ಪಿಗೆ ಪಡೆದೆ. ದೊಡ್ಡ ಲ್ಯಾಪ್‌ಟಾಪಿನವರೇ, ನಿಮ್ಮಿಂದ ಆದೀತೇ?’ ನೂರು ಮೆಚ್ಚುಗೆ ಬಂತು. ಅವರಲ್ಲಿ ಒಬ್ಬನೂ ಪಟ್ಟಿ ಹೊಲಿದಾದ ಮೇಲೆ ಏನಾಯಿತು ಎಂದು ಕೇಳಲಿಲ್ಲ. ಹೊಲಿದಿರಲೇ ಇಲ್ಲ, ಹಾಗಾಗಿ ನನಗೂ ಗೊತ್ತಿರಲಿಲ್ಲ.

ಹೆಬ್ಬೆರಳು

ಅಸ್ಲಂ ಪಟ್ಟಿಗಳನ್ನು ಹೊಲಿದುಕೊಟ್ಟ. ಮಂಗಳವಾರ ಹಾರ್ನ್ ಆದಾಗ ಹಮೀದಾಕ ಅವನ್ನು ತಟ್ಟೆಯಲ್ಲಿಟ್ಟು ತೆಗೆದುಕೊಂಡು ಹೋದರು. ಹೊಗಳಿಕೆ ಕೇಳಲು ನಾನೂ ಹಿಂದೆಯೇ ಹೋದೆ.

ಉಮ್ಮ್ ಸೈಫ್ ನೋಡಲಿಲ್ಲ. ಹಳೆಯ ಪಟ್ಟಿಯನ್ನು ಎಡ ಮೊಣಕಾಲಿನ ಮೇಲೆ, ಹೊಸದನ್ನು ಬಲ ಮೊಣಕಾಲಿನ ಮೇಲೆ ಹಾಸಿ, ಎದುರಿನ ಗಾಜಿನಾಚೆ ರಸ್ತೆ ನೋಡುತ್ತಾ ಹೆಬ್ಬೆರಳನ್ನು ಹಳೆಯದರ ಮೇಲೆ ನಿಧಾನವಾಗಿ ಎಳೆದರು. ಆಮೇಲೆ ಹೊಸದರ ಮೇಲೆ. ಬೆರಳು ಅರ್ಧಕ್ಕೇ ನಿಂತಿತು. ಹಿಂದೆ ಹೋಗಿ ಮತ್ತೆ ಬಂತು.

“ನಹೀ. ಯೇ ಉಮ್ಮೀ ಕಾ ನಹೀ ಹೈ.” ಇದು ನನ್ನ ಅಮ್ಮನದಲ್ಲ.

ನನ್ನ ಕೈ ಹಿಡಿದು ಹಳೆಯ ಪಟ್ಟಿಯ ಮೇಲೆ ಇಟ್ಟರು. ನಾನು ಕೆಂಪು ಗೆರೆ ಎಂದುಕೊಂಡದ್ದು ಗೆರೆಯೇ ಅಲ್ಲ. ಸಾಸಿವೆಯಷ್ಟು ಸಣ್ಣ ಗಂಟುಗಳ ಸಾಲು. ಒಂದೊಂದೂ ಬೆರಳಿಗೆ ಎದ್ದು ತಾಗುತ್ತಿತ್ತು. ಹೊಸದರಲ್ಲಿ ಆ ಜಾಗ ರಿಬ್ಬನ್ನಿನಂತೆ ನುಣ್ಣಗಿತ್ತು.

ಉಮ್ಮ್ ಸೈಫ್ ಸಣ್ಣವರಿದ್ದಾಗ, ತಾಯಿ ನೆಲದಲ್ಲಿ ಕುಳಿತು ಖರ್ಜೂರ ಬಿಡಿಸುವಾಗ ಇವರು ಪಕ್ಕದಲ್ಲಿ ಮಲಗಿ, ತಾಯಿಯ ಕಾಲಿನ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ನಿದ್ದೆ ಹೋಗುತ್ತಿದ್ದರಂತೆ. ಕಣ್ಣಿಗಿಂತ ಬೆರಳಿಗೇ ಅದು ಹೆಚ್ಚು ಗುರುತು. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. “ಆಗದಿದ್ದರೆ ಆಗುವುದಿಲ್ಲ ಅನ್ನಿ. ಮಗಳು ಸಾದಾ ಶರಾಯಿ ಹಾಕುತ್ತಾಳೆ. ಅಜ್ಜಿಯದು ಎಂದು ಹೇಳಿ ಬೇರೆ ಯಾವುದನ್ನೋ ನಾನು ತೊಡಿಸುವುದಿಲ್ಲ,” ಎಂದರು. ನಾಳೆ ಬರುತ್ತೇನೆ ಎಂದು ಕಾರು ಹೊರಡಿಸಿದರು.

ಅಂಗಡಿಯೊಳಗೆ ಬಂದು ಹಮೀದಾಕ ತಟ್ಟೆ ಕೆಳಗಿಟ್ಟರು.

“ನೀನು ತೆಗೆದ ಫೋಟೋದಲ್ಲಿ ಆ ಗಂಟು ಉಂಟಾ?”

ಫೋಟೋವನ್ನು ಹಿಗ್ಗಿಸಿ ನೋಡಿದೆ. “ಉಂಟು.”

“ಮತ್ತೆ ನಿನಗೆ ಯಾಕೆ ಕಾಣ್ಲಿಲ್ಲ?”

“ಪರದೆ ಸಣ್ಣದು ಹಮೀದಾಕ. ಗಂಟು ಕಾಣುವಷ್ಟು ಹಿಗ್ಗಿಸಿದರೆ ಪಟ್ಟಿ ಕಾಣುವುದಿಲ್ಲ. ಪಟ್ಟಿ ಕಂಡರೆ ಗಂಟೆಲ್ಲ ಸೇರಿ ಗೆರೆಯಾಗುತ್ತದೆ.”

“ಪರದೆ ಸಣ್ಣದು ಅಂತ ಪುತ್ತೂರಲ್ಲಿ ಗೊತ್ತಿರ್ಲಿಲ್ವಾ?”

ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಹೇಳಿ. ಕಿಟಕಿಯಲ್ಲಿ ತೋರಿಸಿದಾಗ ಉಮ್ಮ್ ಸೈಫ್‌ಗೂ ಗೆರೆಯೇ ಕಂಡಿತ್ತು, ತಮ್ಮ ತಾಯಿಯದು ದೂರದಿಂದ ಹಾಗೆಯೇ ಕಾಣುತ್ತದೆ ಎಂದು ಝೇನ್ ಅಂದಿದ್ದರು. ಸಣ್ಣ ಪರದೆಯ ದೊಡ್ಡ ದುರ್ಗುಣ ಇದು. ಅದರಲ್ಲಿ ಎಲ್ಲವೂ ಚಂದ ಕಾಣುತ್ತದೆ. ಮಾಡಿದವನಿಗೂ ತಪ್ಪು ಕಾಣುವುದಿಲ್ಲ, ಒಪ್ಪುವವರಿಗೂ ಕಾಣುವುದಿಲ್ಲ, ಬಟ್ಟೆಗೆ ಮಾತ್ರ ಕಾಣುತ್ತದೆ.

ಗೋಡೆಯ ಟಿವಿ

ಬುಧವಾರ ಬೆಳಿಗ್ಗೆ ಝೊಹರಕ್ಕನೇ ಹೇಳಿದ್ದು. “ಅಷ್ಟು ದೊಡ್ಡ ಟಿವಿಯಲ್ಲಿ ನಮ್ಮ ತಲೆ ನೋಡ್ಲಿಕ್ಕೆ ಎಂತ ಉಂಟು? ಇವನ ಚಿತ್ರ ಹಾಕಿ.”

ಸುಲಭ ಎಂದುಕೊಂಡೆ. ಡಬ್ಬಿಯಲ್ಲಿದ್ದದ್ದು ಯಾವ ಸಾಮಾನ್ಯ ಕೇಬಲ್ಲೂ ಹೋಗದ ಸಣ್ಣ ತೂತು. ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳನ್ನೆಲ್ಲ ಸುತ್ತಿದೆವು. ಹಮೀದಾಕ ಕಾರಿನಲ್ಲೇ ಕುಳಿತು ಹಾರ್ನ್ ಹಾಕುವುದು, ಅಂಗಡಿಯವರು ಬಂದು ಕಿಟಕಿಯಲ್ಲಿ ತೂತು ನೋಡಿ ತಲೆಯಾಡಿಸುವುದು. ನಾಲ್ಕನೆಯ ಕಡೆ ಆ ತೂತಿಗೆ ಹೊಂದುವ ಕೇಬಲ್ ಸಿಕ್ಕಿತು. ಆಮೇಲೆ ಇಲಿಯಂಥ ಮೌಸ್ ಬೇಕಾಯಿತು, ಏಕೆಂದರೆ ಡಬ್ಬಿಯ ಸ್ಪರ್ಶಫಲಕ ಅಂಚೆಚೀಟಿಯಷ್ಟು. ಕೀಬೋರ್ಡ್ ಬೇಕಾಯಿತು. ಇವೆಲ್ಲವನ್ನೂ ಸಿಕ್ಕಿಸಲು ತೂತು ಸಾಲದೆ, ತೂತುಗಳನ್ನು ಹೆಚ್ಚಿಸುವ ಇನ್ನೊಂದು ಡಬ್ಬಿ. ಒಂದು ತಾಸಿನಲ್ಲಿ ಕತ್ತರಿಸುವ ಮೇಜೆಲ್ಲ ವೈರು. ಎಲ್ಲಕ್ಕೂ ನಡುವೆ ನನ್ನ ಲ್ಯಾಪ್‌ಟಾಪ್, ಹಾಲೂಡಿಸುವ ಬೆಕ್ಕಿನಂತೆ.

“ಮರಿ ಹಾಕಿದ ಹಾಗೆ ಉಂಟು,” ಎಂದರು ಹಮೀದಾಕ. “ಇದನ್ನೆಲ್ಲ ಹೊತ್ತುಕೊಂಡು ಹೋದ್ರೆ ಭಾರ ಎಷ್ಟು?”

ಮಾಳಿಗೆಯಲ್ಲಿ ಬಿಟ್ಟು ಬಂದ ಕುಂಬಳಕಾಯಿಗಿಂತ ಹೆಚ್ಚು. ಕೇಬಲನ್ನು ಟಿವಿಗೆ ಸಿಕ್ಕಿಸಿದೆ.

ಆದರೆ ಟಿವಿಯಲ್ಲಿ ಆ ಪಟ್ಟಿ ಮೂಡಿದಾಗ ನಾವೆಲ್ಲರೂ ಕೆಲಸ ನಿಲ್ಲಿಸಿ ನೋಡಿದೆವು. ಗಂಟುಗಳು ಒಂದೊಂದೂ ಕಡಲೆಕಾಳಿನಷ್ಟು. ತಲೆಯೆತ್ತಿ ಕೆಲಸ ಮಾಡತೊಡಗಿದೆ. ಒಂದೇ ಜಾಗದಲ್ಲಿ ಸೂಜಿಯನ್ನು ಮತ್ತೆ ಮತ್ತೆ ಇಳಿಸಿ ನೂಲನ್ನು ಗುಡ್ಡೆ ಮಾಡಿದರೆ ಮಿಷಿನ್ನಿನಲ್ಲೂ ಗಂಟಿನಂಥದು ಏಳುತ್ತದೆ. ‘ಓಕೆ’ ಗುಂಡಿ ಕೂಡ ಎಷ್ಟೋ ದಿನಗಳ ಮೇಲೆ ದರ್ಶನ ಕೊಟ್ಟಿತು.

ಮಧ್ಯಾಹ್ನ ಹಾರ್ನ್ ಆಯಿತು. ಟಿವಿಯಲ್ಲಿ ಸಿಸಿಟಿವಿ ಇಲ್ಲದ್ದರಿಂದ ಯಾರೆಂದು ತಿಳಿಯದೆ ಹಮೀದಾಕ ಇಣುಕಿ ನೋಡಿ ಬಂದರು. “ಉಮ್ಮ್ ಸೈಫ್. ಆಗ್ತದಾ ಇಲ್ವಾ ಕೇಳ್ತಿದ್ದಾರೆ. ತೋರಿಸ್ಲಿಕ್ಕೆ ನಿನ್ನ ಡಬ್ಬಿ ತಾ.”

“ತರಲು ಆಗುವುದಿಲ್ಲ. ಎಲ್ಲ ಕಡೆಯಿಂದ ಕಟ್ಟಿಹಾಕಿದ್ದೇವೆ.”

ಅವರು ವೈರುಗಳನ್ನು ನೋಡಿದರು, ನನ್ನನ್ನು ನೋಡಿದರು, ಹೊರಗೆ ಹೋದರು. ಕಿಟಕಿಯಲ್ಲಿ ಬಗ್ಗಿ ಏನೋ ಹೇಳುತ್ತಿದ್ದದ್ದು ಕಾಣಿಸಿತು. ಕಾರಿನ ಇಂಜಿನ್ ನಿಂತಿತು. ಬಾಗಿಲು ತೆರೆಯಿತು.

ಝೊಹರಕ್ಕ ಕುರ್ಚಿಯ ಮೇಲಿದ್ದ ಬಟ್ಟೆಯನ್ನೆಲ್ಲ ಒಂದೇ ಎಳೆತಕ್ಕೆ ನೆಲಕ್ಕೆ ಹಾಕಿದರು. ಉಮ್ಮ್ ಸೈಫ್ ಬಿಳಿ ಬಟ್ಟೆಯ ಗಂಟು ಹಿಡಿದು ಒಳಗೆ ಬಂದು ನಿಂತರು, ಕುರ್ಚಿಯಲ್ಲಿ ಕೂರಲಿಲ್ಲ. ಗೋಡೆಯ ಮೇಲೆ ತಾಯಿಯ ಕೈಕೆಲಸ ಅವರ ತೋಳಿನಷ್ಟು ಉದ್ದಕ್ಕಿತ್ತು. ಹತ್ತಿರ ಹೋಗಿ ಟಿವಿಯ ಗಾಜಿನ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ನಡೆದರು. ಒಂದು ಕಡೆ ನಿಂತರು. ಅಲ್ಲಿ ಮೂರು ಗಂಟುಗಳು ಕೆಂಪಲ್ಲ, ಕಪ್ಪು.

“ಅದು ನೂಲು ಮುಗಿದಿರಬೇಕು,” ಎಂದು ನಾನು ಹಿಂದಿಯಲ್ಲಿ ಹೇಳಿದೆ. “ನನ್ನ ಫೈಲಿನಲ್ಲಿ ಸರಿ ಮಾಡಿದ್ದೇನೆ, ಎಲ್ಲ ಕೆಂಪು.”

“ಸರಿ ಮಾಡಬೇಡ.” ಅವರು ತಿರುಗಿ ನೋಡಲೂ ಇಲ್ಲ. “ಇಷ್ಟು ವರ್ಷ ಇದು ಇತ್ತು, ನನಗೆ ಗೊತ್ತೇ ಇರಲಿಲ್ಲ. ಬೆರಳಿಗೆ ಬಣ್ಣ ತಿಳಿಯುವುದಿಲ್ಲವಲ್ಲ.”

ನನ್ನ ಫೈಲಿನಲ್ಲೂ ಮೂರೂ ಕಪ್ಪಾದವು. ಅಸ್ಲಂ ಗೊಣಗಿದ. ಗಂಟು ಗಂಟಿಗೂ ನೂಲು ಕತ್ತರಿಸಬೇಕು, ಮಿಷಿನ್ ನಿಂತು ನಿಂತು ಹೋಗುತ್ತದೆ, ಸಂಜೆಯಾಗುತ್ತದೆ. “ಆಗ್ಲಿ, ಯಲ್ಲಾ, ಶುರು ಮಾಡು,” ಎಂದರು ಹಮೀದಾಕ. ಉಮ್ಮ್ ಸೈಫ್ ಆಗ ಕುರ್ಚಿಯಲ್ಲಿ ಕುಳಿತರು. ಝೊಹರಕ್ಕ ಹಾಲು ಹಾಕದ ಚಹಾ ಕೊಟ್ಟರು. ಇಬ್ಬರೂ ಮಗಳ ಮದುವೆಯ ಮಾತಿಗೆ ತೊಡಗಿದರು. ಮೊದಲ ಪಟ್ಟಿ ಮಿಷಿನ್ನಿನಿಂದ ಇಳಿಯುವವರೆಗೆ ಅವರು ಏಳಲಿಲ್ಲ.

ಇಳಿದಾಗ ಮೊಣಕಾಲಿನ ಮೇಲೆ ಹಾಸಿಕೊಂಡರು. ಬಾಗಿಲಿನಾಚೆ ನೋಡುತ್ತಾ ಹೆಬ್ಬೆರಳು ಎಳೆದರು. ಅರ್ಧಕ್ಕೆ ನಿಲ್ಲಲಿಲ್ಲ. ಕೊನೆಯವರೆಗೆ ಹೋಗಿ, ಮತ್ತೆ ಮೊದಲಿನಿಂದ ಹೋಯಿತು. ಎರಡನೆಯದೂ ಮುಗಿದ ಮೇಲೆ, ಅಂಗಡಿಯ ಪ್ಲಾಸ್ಟಿಕ್ ಚೀಲ ಬೇಡವೆಂದು ಬದಿಗೆ ಸರಿಸಿ, ಬಿಳಿ ಬಟ್ಟೆಯ ಗಂಟು ಬಿಚ್ಚಿ ಹೊಸ ಪಟ್ಟಿಗಳನ್ನು ಹಳೆಯವುಗಳ ಜೊತೆಗೇ ಇಟ್ಟು ಕಟ್ಟಿದರು. ಶರಾಯಿಗೆ ಕೂಡಿಸುವುದನ್ನು ಮನೆಯಲ್ಲಿ ತಾವೇ ಮಾಡುತ್ತಾರಂತೆ.

ಕಾರಿಗೆ ಹೋಗಿ ಕುಳಿತು ಒಂದು ಹಾರ್ನ್ ಹಾಕಿದರು. ಹಮೀದಾಕ ಅಭ್ಯಾಸಬಲದಿಂದ ಓಡಿದರು. ಏನೂ ಬೇಕಿರಲಿಲ್ಲ. ಹೋಗಿ ಬರುತ್ತೇನೆ ಎಂದಷ್ಟೇ.

ವಾಪಸ್

ಹೊರಡುವ ದಿನ ಹಮೀದಾಕ ಕೇಳಿದರು. “ಆ ಡಬ್ಬಿ ಇಲ್ಲೇ ಬಿಟ್ಟು ಹೋಗ್ತಿಯಾ? ಕಾರಿನಿಂದ ಇಳಿಯದವರಿಗೆ ಬಟ್ಟೆಯ ಬಣ್ಣ ತೋರಿಸ್ಲಿಕ್ಕೆ ಆಗ್ತದೆ.”

ಬಿಟ್ಟು ಬಂದೆ, ಅದರ ಮರಿಗಳ ಸಮೇತ. ಸಿಸಿಟಿವಿ ತನ್ನ ಜಾಗಕ್ಕೆ ಮರಳಿದೆ. ಇದನ್ನು ಟೈಪ್ ಮಾಡುತ್ತಿರುವುದು ಮಾಳಿಗೆಯ ಮೇಲೆ, ಕೀಲು ಸಡಿಲಾದ ತಾಯಿಯ ಮುಂದೆ. ಪರದೆಗೆ ಹಿಂದಿನಿಂದ ಎರಡು ಪುಸ್ತಕ ಆಧಾರ ಕೊಟ್ಟಿದ್ದೇನೆ. ಅಲ್ಪವಿರಾಮ ತನ್ನ ಜಾಗದಲ್ಲೇ ಇದೆ, ನೋಡಿ, ಎಷ್ಟು ಬೇಕಾದರೂ, ಹಾಕಬಹುದು.

ಸಣ್ಣ ಲ್ಯಾಪ್‌ಟಾಪ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ವಿಮಾನದ ಆ ಮ್ಯಾನೇಜರಿಗೆ ಅದನ್ನು ಕೊಟ್ಟರೂ ನಡೆಯುತ್ತದೆ, ಕೊಡದಿದ್ದರೂ ನಡೆಯುತ್ತದೆ. ಹೊಟ್ಟೆಪಾಡಿನ ಕೆಲಸಕ್ಕೆ ಅದು ಆಗುತ್ತದೆ ಎಂದು ಹೇಳುವವರ ಕೆಲಸವನ್ನು ಯಾರೂ ಬೆರಳಿನಿಂದ ಮುಟ್ಟಿ ನೋಡಿಲ್ಲ, ಅಷ್ಟೇ. ನಿಮ್ಮಲ್ಲಿ ಯಾರಾದರೂ ಏಳೆಂಟು ಇಂಚಿನ ಪರದೆಯಲ್ಲಿ ಕೆಲಸವನ್ನು ಪೂರ್ತಿ ಮಾಡಿ, ಹೆಬ್ಬೆರಳು ಅರ್ಧಕ್ಕೆ ನಿಲ್ಲದ ಹಾಗೆ ಒಪ್ಪಿಸಿದ್ದರೆ ದಯವಿಟ್ಟು ಬರೆಯಿರಿ. ಏನು ಕೆಲಸ, ಯಾರಿಗೆ ಮಾಡಿದಿರಿ, ಅವರು ಕಾರಿನಿಂದ ಇಳಿದು ನೋಡಿದರೇ ಎಂಬುದನ್ನೂ ಸೇರಿಸಿ.